ಗದ್ದುಗೆ ಇಳಿದ ಊರಮ್ಮ

ಬಸ್ಸು ಕೊಂಡ್ಲಹಳ್ಳಿ ದಾಟುತ್ತಿದ್ದಂತೆ ಊರು ಹತ್ತಿರವಾಯಿತೆಂದು ರಾಧಮ್ಮ ಸೀಟಿನ ತುದಿಗೆ ಸರಿದು ಕೂತಳು. ಪಕ್ಕದಲ್ಲಿ ತಂಗಿ ಸೌಂದರ್ಯ ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು.

ಸೌಂದರ್ಯಳ ಕಾದಂಬರಿ ಹೋದ ತಿಂಗಳು ಅಚ್ಚಾಗಿತ್ತು. ಅದರಲ್ಲಿ ಊರಮ್ಮ ಗದ್ದುಗೆ ಮೇಲೆ ಕೂತೂ ಕೂತೂ ಬೇಸತ್ತು, ಹೊಲಕ್ಕೆ ಹೋಗಿ ಶೇಂಗಾ ಬಿಡಿಸುವ ಹೆಂಗಸರ ಜೊತೆ ಕುಣಿಯುತ್ತಾಳೆ. ಊರಮ್ಮನ ಗುಡಿಯ ಹಿರಿಯ ದೊಡ್ಡೀರಪ್ಪನಿಗೆ ಯಾರೋ ಅದನ್ನು ಓದಿ ಹೇಳಿದ್ದರು. ಬಂದು ಉತ್ತರ ಕೊಡಲಿ ಎಂದು ಆತ ಹೇಳಿಕಳಿಸಿದ್ದ.

"ತಪ್ಪಾಯ್ತು ಅಂತ ಫೋನಲ್ಲೇ ಹೇಳಿಬಿಡೇ," ಎಂದಿದ್ದಳು ರಾಧಮ್ಮ.

"ತಪ್ಪಾಗಿದ್ರೆ ಹೇಳ್ತಿದ್ದೆ ಅಕ್ಕ. ಹೋಗಿ ಮಾತಾಡ್ತೀನಿ."

ಅವಳು ಮೊದಲಿಂದಲೂ ಹಂಗೇ. ಅವ್ವ ತೀರಿದ ಮೇಲೆ ರಾಧಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದುಡಿದು ಅವಳನ್ನು ಸಾಕಿದಳು. ಸೌಂದರ್ಯಳಿಗೆ ಭರತನಾಟ್ಯದಲ್ಲಿ ಹೆಸರು ಬರುವ ಹೊತ್ತಿಗೆ ಮಂಡಿಗೆ ಪೆಟ್ಟಾಗಿ ವೇದಿಕೆ ತಪ್ಪಿತು. ಹುಡುಗಿ ಮೂಲೆ ಹಿಡೀತಾಳೆ ಅಂದುಕೊಂಡರೆ, ಮೈಸೂರಿಗೆ ಹೋಗಿ ದೇವರು ಧರ್ಮಗಳ ಓದಿಗೆ ಬಿದ್ದಳು. ಜಟಿಂಗ ರಾಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಅಲೆದು, ಅಮ್ಮದೇವರುಗಳ ಮೇಲೆ ಪಿಎಚ್.ಡಿ. ಮಾಡಿದಳು. ಅದರಲ್ಲಿ ಹಿಡಿಯದೆ ಮಿಕ್ಕಿದ್ದೆಲ್ಲ ಕಾದಂಬರಿಯಾಯಿತಂತೆ.

ಗುಡಿಕಟ್ಟೆಯ ಮೇಲೆ ದೊಡ್ಡೀರಪ್ಪ ಕಾದಿದ್ದ; ಪಕ್ಕಕ್ಕೆ ಊರ ಹೆಂಗಸರೂ ಕೂತಿದ್ದರು. "ಏನಮ್ಮಾ, ದೇವ್ರು ಕೂಲಿಯೋರ ಜೊತೆ ಕುಣೀತಾಳಾ?"

"ತಾತ, ಬರಗಾಲದಾಗೆ ಅಮ್ಮ ಹೊಲಕ್ಕೆ ಬಂದ್ಲು ಅಂತ ನನಗೆ ಹಾಡಿದೋರು ನೀವೇ ಅಲ್ವೇನ್ರಿ. ಬಂದು ಏನ್ಮಾಡಿದ್ಲು ಅಂತ ಹಾಡಿನಾಗೆ ಇರ್ಲಿಲ್ಲ. ಅಷ್ಟನ್ನ ನಾನು ಬರೆದೆ."

ಮುದುಕ ಗಡ್ಡ ಕೆರೆದುಕೊಂಡ. "ಬರೆಯೋದು ಸಲೀಸು. ಕುಣಿದು ತೋರ್ಸು. ಅಮ್ಮ ಕಂಡ್ರೆ ಒಪ್ತೀನಿ."

"ಅವಳ ಮಂಡಿ ಸರಿ ಇಲ್ರೀ," ರಾಧಮ್ಮ ಅಡ್ಡ ಬಂದಳು. ಸೌಂದರ್ಯ ಆಗಲೇ ಸೆರಗು ಸಿಕ್ಕಿಸುತ್ತಿದ್ದಳು. "ನೀವು ಹಾಡ್ರಿ ತಾತ."

ದೊಡ್ಡೀರಪ್ಪ ಒಡಕು ದನಿಯಲ್ಲಿ ಶುರುಮಾಡಿದ. ಸೌಂದರ್ಯ ಕೂಡಲೇ ಕುಣಿಯಲಿಲ್ಲ, ಮೊದಲು ಬರೀ ನಿಂತಳು. ಆಮೇಲೆ ಒಂದು ಪಾದ ಇಳಿಸಿದಳು. ನೆಲ ಸುಟ್ಟಂತೆ ಹಿಂದಕ್ಕೆಳೆದು, ಮತ್ತೆ ಊರಿದಳು. ಹೊಲದ ಹೆಂಗಸರ ನಡುವೆ ಕೂತವಳಂತೆ ಕೂತು ಶೇಂಗಾ ಬಿಡಿಸಿದಳು, ಬೆರಳಲ್ಲಿ ಇಲ್ಲದ ಸಿಪ್ಪೆ ಚಟ್ಟೆಂದು ಒಡೆದಂತಾಯಿತು. ಹಾಗೇ ನಗುತ್ತ ಎದ್ದು ಹೆಜ್ಜೆ ಹಾಕಿದಳು. ಕಟ್ಟೆಯ ಮೇಲಿದ್ದ ಹೆಂಗಸರು ತಮಗರಿವಿಲ್ಲದೆ ಸೆರಗು ತಲೆಗೆಳೆದುಕೊಂಡರು. ವೇದಿಕೆಯ ಮೇಲೆ ತಂಗಿಯನ್ನು ಎಷ್ಟೋ ಸಲ ನೋಡಿದ್ದ ರಾಧಮ್ಮನಿಗೂ ಕೈ ಮುಗಿಯಬೇಕೆನಿಸಿತು. ಹಾಡು ಮುಗಿದರೂ ಅವಳು ನಿಲ್ಲದ್ದನ್ನು ಕಂಡು ಮುದುಕ ಕೊನೆಯ ಸೊಲ್ಲನ್ನೇ ಮತ್ತೆ ಮತ್ತೆ ಹಾಡಿದ.

ಕುಣಿತ ನಿಂತ ಮೇಲೆ ದೊಡ್ಡೀರಪ್ಪ ಕಣ್ಣೊರೆಸಿಕೊಂಡ. "ಹೊಲಕ್ಕೆ ಬಂದ ಹೆಣ್ಣುಮಗಳನ್ನ ಬರಿಗೈಲಿ ಕಳಿಸ್ತಾರೇನವ್ವ? ಮಡಿಲು ತುಂಬ್ಸಬೇಕಿತ್ತು."

"ಹೌದು ತಾತ, ಅದು ಹೊಳೀಲೇ ಇಲ್ಲ. ಇನ್ನೊಂದು ಮುದ್ರಣಕ್ಕೆ ಸೇರಿಸ್ತೀನಿ."

ವಾಪಸು ಬಸ್ಸಿನಲ್ಲಿ ಊದಿದ ಮಂಡಿಯನ್ನು ರಾಧಮ್ಮ ತನ್ನ ತೊಡೆಯ ಮೇಲಿಟ್ಟು ನೀವಿದಳು. ಎದುರು ಸೀಟಿನ ಹೆಂಗಸು ಕೇಳಿದಳು: "ನಿಮ್ ತಂಗಿ ಏನ್ ಕೆಲ್ಸ ಮಾಡ್ತಾರೆ?" ರಾಧಮ್ಮ ಹೇಳತೊಡಗಿದಳು. ಚಳ್ಳಕೆರೆ ಬಂದರೂ ಅವಳ ಮಾತು ಮುಗಿದಿರಲಿಲ್ಲ.