ದೊಡ್ಡಮ್ಮನ ದನಿ

ನನ್ನ ವಾರಗಿತ್ತಿ ಬಹಳ ಒಳ್ಳೆಯವಳು. ನನಗೆ ಆಗದಿರುವುದೇ ಅದು. ಕೆಟ್ಟವಳಾಗಿದ್ದರೆ ನಾಲ್ಕು ಜನರ ಮುಂದೆ ಬೈದು ಹಗುರಾಗಬಹುದಿತ್ತು. ಮೈದುನನ ಕೈಹಿಡಿದು ಬಂದಳು, ತಿಂಗಳೊಪ್ಪತ್ತಿನಲ್ಲಿ ಅತ್ತೆಯನ್ನು ಗೆದ್ದಳು, ಆಮೇಲೆ ನಾನಿದ್ದ ಆಸ್ಪತ್ರೆಗೇ ಡಾಕ್ಟರಾಗಿ ಸೇರಿದಳು. ನಾನು ಅಲ್ಲಿ ರಕ್ತವಾಂತಿಯ ರೋಗಿಗಳನ್ನು ನೋಡಲು ಶುರುಮಾಡಿದಾಗ ಇವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಈಗ ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆಂದೇ ಒಂದು ತುರ್ತು ತಂಡ ಕಟ್ಟುತ್ತಿದ್ದಾರೆ. ಅದರ ಮುಖ್ಯಸ್ಥೆಯ ಜಾಗಕ್ಕೆ ಕೊನೆಗೆ ಉಳಿದವರು ನಾವಿಬ್ಬರೇ.

"ಚಿಕ್ಕವಳಿಗೇ ಸಿಕ್ರೆ ನಿಂಗೇನೂ ಬೇಜಾರಿಲ್ವಾ?" ಇಬ್ಬರಲ್ಲಿ ಒಬ್ಬರನ್ನು ಆರಿಸುವ ಪರೀಕ್ಷೆಯ ದಿನ ಮನೆಯಿಂದ ಹೊರಡುವಾಗ ಅತ್ತೆ ಕೇಳಿದರು.

"ಛೇ ಛೇ, ಏನಿಲ್ಲ," ಅಂದೆ. ಚಪ್ಪಲಿ ಮೆಟ್ಟುತ್ತಿದ್ದ ವಾರಗಿತ್ತಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು.

ನಮ್ಮ ಪರೀಕ್ಷೆ ನಡೆಯುವುದು ಗೊಂಬೆಯ ಮೇಲೆ. ಆಳೆತ್ತರದ ರಬ್ಬರ್ ಗೊಂಬೆ ಅದು. ಉಸಿರಾಡುತ್ತದೆ, ನಾಡಿ ಬಡಿಯುತ್ತದೆ, ಬಾಯಿಂದ ಕೆಂಪು ನೀರು ಕಾರುತ್ತದೆ. ತಲೆಗೆ ನರೆಗೂದಲಿನ ವಿಗ್ ಇರುವುದರಿಂದ ಎಲ್ಲರ ಬಾಯಲ್ಲೂ ಅದು ದೊಡ್ಡಮ್ಮ. ದಿನಾ ಸಾಯುತ್ತಾಳೆ, ದಿನಾ ಏಳುತ್ತಾಳೆ. ಅಂಥ ಗಟ್ಟಿಜೀವ ನಮ್ಮ ವಾರ್ಡಿನಲ್ಲೇ ಇಲ್ಲ.

ಮೊದಲ ಸರದಿ ನನ್ನದು. ದೊಡ್ಡಮ್ಮ ಬದುಕಿದಳು ನಿಜ, ಆದರೆ ಅವಳ ಉಸಿರಿನ ದಾರಿ ಭದ್ರಮಾಡುವ ಮೊದಲೇ ಎಂಡೋಸ್ಕೋಪಿ ಕೊಳವೆ ತನ್ನಿ ಎಂದು ಕೂಗಾಡಿದ್ದೆ. ಪರೀಕ್ಷೆ ನಡೆಸುತ್ತಿದ್ದ ಹಿರಿಯ ಡಾಕ್ಟರು ಏನೋ ಬರೆದುಕೊಂಡರು.

ನಮ್ಮಲ್ಲೊಂದು ಪದ್ಧತಿ ಇದೆ. ಸರದಿ ಮುಗಿಸಿದವರು ಗಾಜಿನ ಆಚೆಯ ಕೋಣೆಯಲ್ಲಿ ಕೂತು ಮುಂದಿನವರಿಗೆ ಗೊಂಬೆ ಆಡಿಸಬೇಕು. ರಕ್ತದೊತ್ತಡ ಏರಿಸುವುದು ಇಳಿಸುವುದು, ಲ್ಯಾಬ್ ವರದಿ ಕಳಿಸುವುದು, ಮೈಕಿನಲ್ಲಿ ರೋಗಿಯ ಮಾತಾಡುವುದು ಎಲ್ಲ ಅವರದೇ. ಹೀಗಾಗಿ ವಾರಗಿತ್ತಿ ಒಳಗೆ ಬಂದಾಗ ದೊಡ್ಡಮ್ಮನ ಪ್ರಾಣ ನನ್ನ ಕೈಯಲ್ಲಿತ್ತು. ಮನಸ್ಸಿಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಕೆಂಪು ನೀರು ಕಾರಿಸಿದೆ. ಅವಳು ಕೂಗಲಿಲ್ಲ. ಗೊಂಬೆಯನ್ನು ಪಕ್ಕಕ್ಕೆ ಹೊರಳಿಸಿ ಬಾಯಲ್ಲಿದ್ದ ರಕ್ತ ತೆಗೆಸಿದಳು, ಎರಡೂ ತೋಳಿಗೆ ದಪ್ಪ ಸೂಜಿ ಹಾಕಿಸಿದಳು, ರಕ್ತ ತರಲು ಕಳಿಸಿದಳು. ಒತ್ತಡವನ್ನು ಇನ್ನಷ್ಟು ಇಳಿಸಿದೆ. ಗಾಬರಿಯಾದ ನರ್ಸ್‌ಗೆ, "ನಿಧಾನ, ಕೈ ನಡುಗಿದ್ರೂ ಪರವಾಗಿಲ್ಲ," ಅಂದಳು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಊರವರ ಹೊಟ್ಟೆಹುಣ್ಣಿಗೆ ಮದ್ದು ಬರೆಯುವವಳು ನಾನು, ನನ್ನ ಹೊಟ್ಟೆಕಿಚ್ಚಿಗೆ ಮದ್ದೆಲ್ಲಿದೆ?

ಅವಳು ಗೊಂಬೆಯ ಕೈ ಹಿಡಿದು ಬಗ್ಗಿದಳು. "ದೊಡ್ಡಮ್ಮ, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಿದೀರಾ?"

ಕೇಳಿದರೆ ಹೌದೆನ್ನಬೇಕೆಂದು ನನಗೆ ಸ್ಪಷ್ಟವಾಗಿ ಹೇಳಿದ್ದರು. ಹೃದಯಕ್ಕೆಂದು ತಿನ್ನುವ ಆ ಮಾತ್ರೆಯ ಪ್ರಭಾವ ಇಳಿಸದೆ ದೊಡ್ಡಮ್ಮನ ರಕ್ತ ನಿಲ್ಲುವಂತಿರಲಿಲ್ಲ. ಇಡೀ ಪರೀಕ್ಷೆ ನಿಂತಿದ್ದೇ ಆ ಒಂದು ಪ್ರಶ್ನೆಯ ಮೇಲೆ. ಅವಳು ಮರೆಯಲಿ ಎಂದು ಕಾದಿದ್ದೆ, ಕೇಳಿಯೇಬಿಟ್ಟಳು.

ಮೈಕಿನ ಗುಂಡಿ ಒತ್ತಿ, ದನಿ ನಡುಗಿಸಿ ಅಂದೆ: "ಛೇ ಛೇ, ಏನಿಲ್ಲ."

ಅವಳ ಕೈ ಒಂದು ಗಳಿಗೆ ನಿಂತಿತು. ಗಾಜಿನ ಕಡೆ ನೋಡಿದಳು. ಆ ಬದಿಯಿಂದ ನಾನು ಕಾಣುವುದಿಲ್ಲ, ಆದರೂ ಹಿಂದೆ ಸರಿದು ಕೂತೆ.

"ಹೊರಗೆ ಇವರ ಮಗಳಿದ್ದಾರಲ್ಲ," ನರ್ಸ್‌ಗೆ ಹೇಳಿದಳು. "ಅವರ ಚೀಲದಲ್ಲಿ ಮಾತ್ರೆ ಇದ್ಯಾ ನೋಡ್ಕೊಂಡು ಬನ್ನಿ."

ಮಗಳ ವೇಷ ಹಾಕಿ ಹೊರಗೆ ಕೂತಿದ್ದ ಇನ್ನೊಬ್ಬ ನರ್ಸನ್ನು ನಾನು ಮರೆತೇಬಿಟ್ಟಿದ್ದೆ. ದೊಡ್ಡಮ್ಮನ ಬಾಯಿ ನನ್ನದಾದರೂ ಚೀಲ ನನ್ನದಲ್ಲವಲ್ಲ. ಮಾತ್ರೆಯ ಪಟ್ಟಿ ಬಂತು, ಅದಕ್ಕೆ ಪ್ರತಿಮದ್ದು ಹೋಯಿತು, ಉಸಿರಿನ ದಾರಿ ಭದ್ರವಾಯಿತು, ಆಮೇಲೆ ಎಂಡೋಸ್ಕೋಪಿ. ಒತ್ತಡ ಏರಿಸದೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ವಿಡಿಯೋ ನೋಡುವುದು ರೂಢಿ. ನನ್ನ 'ಛೇ ಛೇ' ಕೋಣೆ ತುಂಬ ಕೇಳಿಸಿತು. ಹಿರಿಯ ಡಾಕ್ಟರು ವಿಡಿಯೋ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಇಲ್ಲಿ ಹೌದು ಅನ್ಬೇಕಿತ್ತಲ್ವಾ?"

"ಅಕ್ಕ ಬೇಕಂತ್ಲೇ ಹಾಗಂದ್ರು ಸರ್," ಅಂದಳು ವಾರಗಿತ್ತಿ. ಮುಗಿಯಿತು ನನ್ನ ಕತೆ ಅಂದುಕೊಂಡೆ. ಅವಳು ಮುಂದುವರಿಸಿದಳು. "ನಿಜವಾದ ರೋಗಿಗಳೂ ಹಾಗೇ ಅಲ್ವಾ? ಭಯಕ್ಕೋ ಸಂಕೋಚಕ್ಕೋ ಮುಚ್ಚಿಡ್ತಾರೆ."

"ಮತ್ತೆ ನಿಮಗೆ ಹೇಗೆ ಅನುಮಾನ ಬಂತು?"

"ನಮ್ಮನೇಲಿ ಛೇ ಛೇ ಏನಿಲ್ಲ ಅಂದ್ರೆ ಏನೋ ಇದೆ ಅಂತಾನೇ ಅರ್ಥ ಸರ್."

ಎಲ್ಲರೂ ನಕ್ಕರು. ಹಿರಿಯ ಡಾಕ್ಟರು ಖುಷಿಯಾಗಿ, ಇನ್ನು ಮುಂದೆ ದೊಡ್ಡಮ್ಮ ಎಲ್ಲರಿಗೂ ಹೀಗೇ ಸುಳ್ಳು ಹೇಳಲಿ ಎಂದು ನನ್ನ ಜಾಣತನವನ್ನು ಹೊಗಳಿದರು. ತಂಡದ ಮುಖ್ಯಸ್ಥೆ ವಾರಗಿತ್ತಿಯೇ ಎಂದು ಅಲ್ಲೇ ಹೇಳಿಬಿಟ್ಟರು. ಜಾಗವೂ ಅವಳಿಗೇ, ನನ್ನ ಮಾನ ಉಳಿಸಿದ ಪುಣ್ಯವೂ ಅವಳಿಗೇ. ಕಪಾಳಕ್ಕೆ ಬಾರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಹಿರಿಯ ಡಾಕ್ಟರು ನನ್ನನ್ನು ಕೇಳಿದರು: "ಇವರ ಕೈಕೆಳಗೆ ಕೆಲಸ ಮಾಡೋಕೆ ನಿಮಗೇನೂ ಬೇಜಾರಿಲ್ಲ ತಾನೇ?"

ಎಲ್ಲರ ಕಣ್ಣೂ ನನ್ನ ಮೇಲೆ. ಬೇರೆ ಮಾತಿಗಾಗಿ ತಡಕಾಡಿದೆ. ಒಂದೂ ಸಿಗಲಿಲ್ಲ.

"ಛೇ ಛೇ," ಅಂದೆ. "ಏನಿಲ್ಲ."

ಈ ಸಲ ಯಾರೂ ನಗಲಿಲ್ಲ. ಬೆಳಗ್ಗೆ ತಲೆಯೆತ್ತಿ ನೋಡಿದ್ದ ವಾರಗಿತ್ತಿ ಈಗ ತಲೆತಗ್ಗಿಸಿ, ದೊಡ್ಡಮ್ಮನ ಕೈ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡಳು.