ಮೇಲಿನ ಕುಣಿಕೆ

ನಾನು ಚಿಕ್ಕವಳಿದ್ದಾಗ ದೊಡ್ಡಮ್ಮ ಗಂಜಿ ಹಾಕಿದ ಬಟ್ಟೆಗೆ ಇಸ್ತ್ರಿ ಮಾಡಲು ಕೂತರೆ, ಅನ್ನ ತಳ ಹಿಡಿದಂಥ ಒಂದು ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಸೀದ ವಾಸನೆಯಲ್ಲ, ಇನ್ನೇನು ಸೀಯಬೇಕು ಅನ್ನುವಂಥದ್ದು. ನೀರು ಸರಬರಾಜು ಕಚೇರಿಗೆ ಗುಮಾಸ್ತೆಯಾಗಿ ಸೇರಿದ ದಿನ ಅದೇ ವಾಸನೆ ನನ್ನ ಕುರ್ಚಿಯ ಹಿಂದಿನ ಬೀರುವಿನಿಂದ ಬಂತು. ಅದರೊಳಗೆ ರಾಷ್ಟ್ರಧ್ವಜವನ್ನು ಮಡಿಸಿ ಇಟ್ಟಿರುತ್ತಿದ್ದರು.

ಬೀರುವಿನ ಬೀಗದ ಕೈ ಇದ್ದದ್ದು ಜವಾನರ ಹತ್ತಿರ. ಬೆಳಿಗ್ಗೆ ಬಾವುಟ ಏರಿಸುವುದು, ಸಂಜೆ ಇಳಿಸುವುದು ಅವರ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವರು ಕಂಬಣ್ಣ. ಬಾವುಟವನ್ನು ಅವರು ಮಡಿಸುವುದನ್ನು ನೋಡಿದರೆ ಹಸುಗೂಸಿಗೆ ಬಟ್ಟೆ ಸುತ್ತುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಬಾವುಟ ತಲೆಕೆಳಗಾಗಿ ಏರಿತು. ಎದುರಿನ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದುಕೊಂಡೇ ಬೀದಿಗೆ ಬಂದ.

"ಏನ್ ಕಂಬಣ್ಣಾ, ನಿನ್ ಬಾವುಟ ಇವತ್ತು ಶೀರ್ಷಾಸನ ಹಾಕಿದೆ?"

"ತಮಾಷೆ ಸಾಕು, ಹೋಗಯ್ಯಾ," ಎಂದು ಕಂಬಣ್ಣ ತಲೆಯೆತ್ತಿ ನೋಡಿದರು. ನೋಡಿಯೂ ಅವರಿಗೆ ಏನೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಂದರು. ನಮ್ಮ ಕಚೇರಿಯ ಮುಖ್ಯಸ್ಥರು ಅವರು. ಕಂಬಕ್ಕೆ ಯಾರಾದರೂ ಸೈಕಲ್ ಒರಗಿಸಿದರೆ ಮೀಟಿಂಗ್ ಬಿಟ್ಟು ಎದ್ದು ಬರುವಂಥವರು. ಬಾವುಟ ಇಳಿಸಿ ಸರಿಯಾಗಿ ಏರಿಸುವವರೆಗೂ ಬಿಸಿಲಲ್ಲೇ ನಿಂತಿದ್ದರು. ಆಮೇಲೆ, "ಇನ್ನೊಂದ್ಸಲ ಹೀಗಾದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ನೀವು ಗೋದಾಮಿಗೆ ಹೋಗಿ," ಎಂದರು. ಗೋದಾಮು ಅಂದರೆ ತುಕ್ಕು ಹಿಡಿದ ಪೈಪುಗಳ ತಗಡಿನ ಶೆಡ್ಡು.

ಮಧ್ಯಾಹ್ನ ಕಂಬಣ್ಣ ನಮ್ಮ ಕೋಣೆಗೆ ಬಂದು, ಟೈಪಿಸ್ಟ್ ಅಕ್ಕನ ಮೇಜಿನ ಪಕ್ಕ ನಿಂತು ನಿಜ ಹೇಳಿದರು.

"ಕಣ್ಣಲ್ಲಿ ಬಣ್ಣ ಎಲ್ಲಾ ಕಲಸಿಹೋಗಿವೆಯಮ್ಮಾ. ಯಾವ್ದು ಮೇಲೋ ಯಾವ್ದು ಕೆಳಗೋ. ಕುಣಿಕೆನೂ ಎರಡೂ ಕಡೆ ಒಂದೇ ಥರ."

"ಆಪರೇಷನ್ ಮಾಡಿಸ್ಬಾರ್ದಾ ಅಣ್ಣಾ?"

"ನರವೇ ಬಾಡಿದೆಯಂತೆ. ಇನ್ನು ಕತ್ತರಿ ಹಾಕಿ ಉಪಯೋಗ ಇಲ್ಲ ಅಂದ್ರು ಡಾಕ್ಟ್ರು. ನಿವೃತ್ತಿಗೆ ಇನ್ನೊಂದೇ ವರ್ಷ. ಅಲ್ಲೀತನಕ ಕಂಬದ ಹತ್ರಾನೇ ಇರ್ಬೇಕು ಅಂತ ಆಸೆ. ಗೋದಾಮಲ್ಲಿ ಕೂತ್ರೆ, ನಾನು ಕುರುಡ ಅಂತ ನಾನೇ ಬೋರ್ಡು ಹಾಕ್ಕೊಂಡ ಹಾಗೆ."

ಮರುದಿನ ಬೆಳಿಗ್ಗೆ ಕಂಬಣ್ಣ ಬೀರುವಿನಿಂದ ಬಾವುಟ ತೆಗೆದಾಗ ಅಕ್ಕ ಚೀಲದಿಂದ ಸೂಜಿ ದಾರ ಹೊರತೆಗೆದಳು.

"ಅಕ್ಕಾ, ಬಾವುಟದ ಮೇಲೆ ಏನೂ ಹೊಲೀಬಾರ್ದು ಅಂತಾರಲ್ಲ?"

"ಹೌದು. ಬಾಗಿಲು ಹಾಕು."

ಮೇಲಿನ ಕುಣಿಕೆಯ ಪಕ್ಕದ ಅಂಚಿನಲ್ಲಿ ಅವಳು ಅದೇ ಬಣ್ಣದ ದಾರದಿಂದ ಸಾಸಿವೆಕಾಳಿನಷ್ಟು ಗಂಟು ಹಾಕಿದಳು. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ. ಕಂಬಣ್ಣ ಅದನ್ನು ಮುಟ್ಟಿ ನೋಡಿ, ಅವಳ ಮೇಜಿನ ಧೂಳು ಒರೆಸಿ ಹೋದರು. ಆಗಲೇ ಒರೆಸಿದ್ದ ಮೇಜು ಅದು.

ಮಳೆಗಾಲದವರೆಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಒಂದು ಸಂಜೆ ಕಂಬಣ್ಣ ಬಾವುಟ ಇಳಿಸುತ್ತಿದ್ದಾಗ ಗಾಳಿಮಳೆ ಒಟ್ಟಿಗೇ ನುಗ್ಗಿತು. ಬಾವುಟ ನೆಲಕ್ಕೆ ತಾಗೀತೆಂದು ಸಾಹೇಬರೇ ಓಡಿಹೋಗಿ ಒಂದು ತುದಿ ಹಿಡಿದರು. ವರಾಂಡಕ್ಕೆ ತಂದು ಅಂಚಿನ ನೀರು ಹಿಂಡುವಾಗ ಅವರ ಹೆಬ್ಬೆರಳು ನಿಂತುಬಿಟ್ಟಿತು.

"ಇದನ್ನ ಹೊಲಿದವರು ಯಾರು?"

"ನಾನು ಸಾರ್," ಎಂದಳು ಅಕ್ಕ.

"ಹೊಲೀಬಾರ್ದು ಅಂತ ಗೊತ್ತಿಲ್ವಾ?"

"ಗೊತ್ತು ಸಾರ್. ಕಂಬಣ್ಣಂಗೆ ಕಣ್ಣು ಕಾಣಲ್ಲ ಅನ್ನೋದೂ ಗೊತ್ತು."

ಕಂಬಣ್ಣ ಒದ್ದೆ ಹಗ್ಗ ಹಿಡಿದು ಅಲ್ಲೇ ನಿಂತಿದ್ದರು. ಸಾಹೇಬರು ಚಿಕ್ಕ ಕತ್ತರಿ ತರಿಸಿ, ಕನ್ನಡಕ ಏರಿಸಿಕೊಂಡು, ಬಟ್ಟೆಯ ಒಂದೆಳೆಗೂ ಪೆಟ್ಟಾಗದಂತೆ ಗಂಟು ಬಿಡಿಸಿದರು. "ನಾಳೆ ಬೆಳಿಗ್ಗೆ ನಾನೇ ಬರ್ತೀನಿ," ಎಂದಷ್ಟೇ ಹೇಳಿದರು.

"ಕಲ್ಲು ಮನುಷ್ಯ," ಎಂದು ಅಕ್ಕ ದಾರಿಯುದ್ದಕ್ಕೂ ಗೊಣಗಿದಳು.

ಮರುದಿನ ನಾವಿಬ್ಬರೂ ಬೇಗ ಹೋದೆವು. ಸಾಹೇಬರು ಆಗಲೇ ಕಂಬದ ಬಳಿ ಇದ್ದರು. ಬಾವುಟದ ಒಂದು ಕಡೆ ತಾವು ಹಿಡಿದು, ಇನ್ನೊಂದು ಕಡೆ ಕಂಬಣ್ಣನಿಗೆ ಹಿಡಿಸಿ ಬಿಚ್ಚಿದರು. ಮೇಲಿನ ಕುಣಿಕೆಯನ್ನು ಅವರ ಅಂಗೈಯಲ್ಲೇ ಇಟ್ಟರು. ಹಗ್ಗ ಎಳೆದವರು ಕಂಬಣ್ಣನೇ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತರು.

"ಇನ್ಮೇಲೆ ಇಬ್ಬರು ಸೇರಿ ಬಿಚ್ಚಬೇಕು. ನಿಯಮ," ಎಂದರು ನಮ್ಮ ಕಡೆ ತಿರುಗಿ.

"ಯಾವಾಗಿಂದ ಸಾರ್?" ಅಕ್ಕ ಬಿಡಲಿಲ್ಲ.

"ಇವತ್ತಿಂದ."

ಗೋದಾಮಿನ ಮಾತು ಮತ್ತೆ ಬರಲಿಲ್ಲ. ಸಾಹೇಬರ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ದಿನಾ ಬಾವುಟದ ಹೊತ್ತಿಗೆ ಬರಲು ಮೊದಲ ಬಸ್ಸು ಹಿಡಿಯಬೇಕಿದ್ದರಿಂದ ತಿಂಡಿ ತಿನ್ನಲು ಹೊತ್ತಿರುತ್ತಿರಲಿಲ್ಲ. ಅದನ್ನವರು ಯಾರಿಗೂ ಹೇಳಲಿಲ್ಲ. ಆದರೆ ಬಾವುಟ ಏರುವಾಗಿನ ನಿಶ್ಶಬ್ದದಲ್ಲಿ ಅವರ ಹೊಟ್ಟೆ ಗುರುಗುಟ್ಟುವುದು ಕಿಟಕಿಯವರೆಗೂ ಕೇಳುತ್ತಿತ್ತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಂಬಣ್ಣ ನಗುತ್ತಿರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ, ಹಗ್ಗ ಕಟ್ಟಿಯಾದ ಮೇಲೆ, ಕಂಬಣ್ಣ ಮೆಟ್ಟಿಲ ಮೇಲಿಟ್ಟಿದ್ದ ಚೀಲವನ್ನು ತಡವಿ ಎತ್ತಿಕೊಂಡರು. ಬಟ್ಟೆ ಸುತ್ತಿದ ಒಂದು ಡಬ್ಬಿ ತೆಗೆದು, ಸಾಹೇಬರ ಉಸಿರು ಕೇಳುತ್ತಿದ್ದ ಕಡೆಗೆ ಚಾಚಿದರು. ಸಾಹೇಬರು ತೆಗೆದುಕೊಂಡರು. ಇನ್ನೂ ಬಿಸಿಯಾಗಿತ್ತೆಂದು ಕಾಣುತ್ತದೆ, ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.