ಕರೆಯದೆ ಬರುವವನು

ಯಾರ ಕಚೇರಿಗೆ ಕಾಲಿಟ್ಟರೂ ಯೋಗಾನಂದ ಮೊದಲು ವಿಚಾರಿಸಿಕೊಳ್ಳುವುದು ಪೆಟ್ಟಿಗೆಯನ್ನು, ಆಮೇಲೆ ಮನುಷ್ಯರನ್ನು. ಹೆಲ್ಮೆಟ್ಟನ್ನೂ ತೆಗೆಯದೆ, ಕೂತವರನ್ನೆಲ್ಲ ದಾಟಿಕೊಂಡು, ಮೂಲೆಯಲ್ಲೋ ಬೀರುವಿನ ಮೇಲೋ ಮಿಣಮಿಣ ಎನ್ನುತ್ತಿರುವ ನೆಟ್‌ವರ್ಕ್ ಪೆಟ್ಟಿಗೆಯ ಬಳಿ ಹೋಗಿ, ತಾಯಿ ಮಗುವಿನ ಹಣೆ ನೋಡುವ ಹಾಗೆ ಹಿಂಗೈಯನ್ನು ಅದಕ್ಕೆ ಆನಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾನೆ. ಬಿಸಿ ಎಷ್ಟಿದೆ ಎಂಬುದು ಮನದಟ್ಟಾದ ಮೇಲೆ ಹೆಲ್ಮೆಟ್ಟು ಇಳಿಯುತ್ತದೆ, ನಮಸ್ಕಾರವೂ ಕುಶಲಪ್ರಶ್ನೆಯೂ ಹಿಂದೆಯೇ ಬರುತ್ತವೆ.

ಮೈಮೇಲೆ ಸದಾ ಒಂದು ನೀಲಿ ಕೋಟು. ಎದೆಯ ಮೇಲೆ ಅಂಗಡಿಯ ಹೆಸರು ಹೊಲಿಸಿದ್ದ ದಾರ ಬಿಚ್ಚಿಹೋಗಿ, ಈಗ ಓದಿಕೊಳ್ಳಲು ಸೂಜಿಯ ತೂತುಗಳಷ್ಟೇ ಉಳಿದಿವೆ. ಎಡಜೇಬಿನಲ್ಲಿ ದೂಳು ಕೊಡವಲು ಬಣ್ಣ ಬಳಿಯುವ ಬ್ರಷ್ಷು, ಬಲಜೇಬಿನಲ್ಲಿ ಟಾರ್ಚು. ರಾಮನಗರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಇಂಥ ಪೆಟ್ಟಿಗೆಗಳನ್ನು ಜೋಡಿಸಿಕೊಡುವ ಅವನದೊಂದು ಅಂಗಡಿಯಿದೆ, ಅದರಲ್ಲೊಂದು ಒಳ್ಳೆಯ ಕುರ್ಚಿಯಿದೆ. ಆದರೆ ಹನ್ನೊಂದು ವರ್ಷಗಳ ನಮ್ಮ ಸ್ನೇಹದಲ್ಲಿ ಅವನು ಅದರ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ಟೀ ಕುಡಿಯುವುದೂ ನಿಂತೇ, ಅದೂ ಅರ್ಧ ಲೋಟ. ಬಾಯಲ್ಲಿ ಒಂದೇ ಪಲ್ಲವಿ: "ಒಸಿ ನೋಡ್ಬುಡ್ಲಾ?"

ಅವನ ಚೀಲದಲ್ಲಿ ಎರಡು ಬಗೆಯ ಕರಾರು ಪತ್ರಗಳಿರುತ್ತಿದ್ದವು. ಒಂದು ರಿಪೇರಿ ಕರಾರು: ಕೆಟ್ಟಾಗ ಕರೆಯಿರಿ, ಬಂದು ಸರಿಮಾಡುತ್ತೇನೆ. ಇನ್ನೊಂದಕ್ಕೆ ಅವನೇ ಇಟ್ಟ ಹೆಸರು ನಿಗಾ ಕರಾರು: ಕರೆಯದೆಯೇ ಬರುತ್ತೇನೆ, ತಿಂಗಳಿಗೊಮ್ಮೆ ಬಿಚ್ಚಿ ನೋಡುತ್ತೇನೆ, ಅಂಗಡಿಯ ಕಂಪ್ಯೂಟರಿನಿಂದಲೇ ದಿನವೂ ಕಣ್ಣಿಟ್ಟಿರುತ್ತೇನೆ, ಬ್ಯಾಟರಿ ಕೈಕೊಡುವ ಮುನ್ನವೇ ಬದಲಿಸುತ್ತೇನೆ. ಎರಡನೆಯದು ತುಸು ದುಬಾರಿ. ಆದ್ದರಿಂದ ಜನ ಕಣ್ಣು ಮುಚ್ಚಿಕೊಂಡು ಮೊದಲನೆಯದಕ್ಕೆ ಸಹಿ ಹಾಕುತ್ತಿದ್ದರು. ಮಾಗಡಿಯ ಶಾಲೆಯೊಂದರ ಕಾರ್ಯದರ್ಶಿ, "ಲೈಟೆಲ್ಲಾ ಉರೀತಾ ಅವಲ್ಲಪ್ಪ, ಇನ್ನೇನ್ ನೋಡ್ತೀಯ?" ಎಂದು ಪೆಟ್ಟಿಗೆ ತೋರಿಸಿ ಕಳಿಸಿಬಿಟ್ಟರು. ಕನಕಪುರದ ಗೋದಾಮಿನವರೊಬ್ಬರು ಧೈರ್ಯ ಮಾಡಿ ಒಂದು ವರ್ಷ ನಿಗಾ ಕರಾರು ಮಾಡಿಕೊಂಡರು. ಆ ವರ್ಷ ಏನೊಂದೂ ಕೆಡಲಿಲ್ಲ. ವರ್ಷ ತುಂಬಿದಾಗ ಅವರು, "ಏನೂ ಕೆಡ್ಲೇ ಇಲ್ವಲ್ಲ, ನೀನ್ ಮಾಡಿದ್ದೇನು?" ಎಂದು ಕೇಳಿದರಂತೆ. ಮರುವರ್ಷ ಅವರೂ ರಿಪೇರಿ ಕರಾರಿಗೇ ಇಳಿದರು.

ಹಾಗೆಂದು ರಿಪೇರಿ ಕರಾರಿನವರನ್ನು ಅವರ ಪಾಡಿಗೆ ಬಿಟ್ಟನೇ? ಅದೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಜಿಲ್ಲೆಯಿಡೀ ಸುತ್ತುತ್ತ, ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಹೊಕ್ಕು ಪೆಟ್ಟಿಗೆ ಮುಟ್ಟಿ ಬರುತ್ತಿದ್ದ. ಈ ಕಳವಳ ಹುಟ್ಟಿನಿಂದಲೇ ಬಂದದ್ದು. ವಿರೂಪಾಕ್ಷಿಪುರದ ರೇಷ್ಮೆ ಹುಳು ಸಾಕುವ ಮನೆಯ ಮಗ ಅವನು. ಹುಳುವಿಗೆ ಹಾಲುತೊಂಡೆ ರೋಗ ಕಂಡ ಮೇಲೆ ಔಷಧಿ ಎಂಬುದಿಲ್ಲ; ತಟ್ಟೆಗೆ ತಟ್ಟೆಯನ್ನೇ ಗುಂಡಿಗೆ ಸುರಿಯಬೇಕು. ರೋಗದ ಸುಳಿವೇ ಇಲ್ಲದಾಗಲೂ ಮನೆ ತೊಳೆದು, ಬ್ಲೀಚಿಂಗ್ ಪುಡಿ ಚೆಲ್ಲಿ, ಹೊಸಲಿಗೆ ಸುಣ್ಣ ಹಾಕುತ್ತಿದ್ದ ತಾಯಿ ಕೃಷ್ಣಮ್ಮನ ಸೆರಗು ಹಿಡಿದು ಬೆಳೆದವನಿಗೆ, ಕೆಡಲಿ ಎಂದು ಕಾಯುವುದು ಪಾಪವೆಂದೇ ತೋರುತ್ತಿತ್ತು.

ಹೋದ ವರ್ಷ ಅವನು ನನ್ನೆದುರು ಒಂದು ಮಾತು ಹೇಳಿದ. ಈ ಸಲ ಒಬ್ಬರಾದರೂ ನಿಗಾ ಕರಾರಿಗೆ ಒಪ್ಪದಿದ್ದರೆ ಅದನ್ನು ಕೈಬಿಟ್ಟು ಬರಿಯ ರಿಪೇರಿಯವನಾಗಿಬಿಡುತ್ತೇನೆ ಎಂದ. ಉಳಿದಿದ್ದ ಆಸೆ ಒಬ್ಬರ ಮೇಲೆಯೇ, ಬೋರಮ್ಮನವರ ಮೇಲೆ. ಅವನ ಊರಿನ ಹತ್ತಿರವೇ ಅವರದು ದೊಡ್ಡ ಚಾಕಿ ಕೇಂದ್ರ. ಮೊಟ್ಟೆಯೊಡೆದ ಮರಿಹುಳುಗಳನ್ನು ಎಂಟೊಂಬತ್ತು ದಿನ ಸಾಕಿ ಸುತ್ತಲಿನ ರೈತರಿಗೆ ಕೊಡುವ ಜಾಗ. ಒಂದೊಂದು ಕೋಣೆಯ ಶಾಖ, ತೇವ ಎಷ್ಟಿರಬೇಕೆಂದು ಆಫೀಸಿನ ಕಂಪ್ಯೂಟರು ಹೇಳುತ್ತದೆ; ಹೇಳಿದ್ದನ್ನು ಹೀಟರುಗಳಿಗೆ ತಲುಪಿಸುವುದು ನೆಟ್‌ವರ್ಕ್ ಪೆಟ್ಟಿಗೆ. ಹುಳುವಿನ ಮರ್ಮ ಬಲ್ಲ ಈ ಹೆಂಗಸಿಗೆ ತನ್ನ ಮಾತು ಅರ್ಥವಾಗದೆ ಇರದು ಎಂದು ಅವನು ನಂಬಿದ್ದ. ಆ ನಂಬಿಕೆಯಲ್ಲೇ ಅವರಿಗೆಂದು ಒಂದು ಹೊಸ ಪೆಟ್ಟಿಗೆಯನ್ನೂ ತಂದಿಟ್ಟುಕೊಂಡಿದ್ದ.

"ಹುಳ ತರಕ್ಕೆ ಮುಂಚೆ ನೀವು ಮನೆ ತೊಳ್ದು ಸುಣ್ಣ ಹಾಕಲ್ವಾ ಅಕ್ಕ? ಈ ಪೆಟ್ಟಿಗೆ ರೂಮೂ ಹುಳದ್ ಮನೆ ಇದ್ದಂಗೇಯ."

"ಹುಳದ್ ಮಾತೇ ಬ್ಯಾರೆ ಕಣಪ್ಪ, ಅದುಕ್ಕೆ ಜೀವ ಐತೆ," ಎಂದರು ಬೋರಮ್ಮ. "ಪೆಟ್ಟಿಗೆ ಕೆಟ್ರೆ ಕರೀತೀನಿ, ಬಾ."

ರಿಪೇರಿ ಕರಾರಿಗೇ ಸಹಿ ಬಿತ್ತು. ಪಕ್ಕದಲ್ಲಿ ಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದ ಹಳೆಯ ಆಳು ಅಂಕಯ್ಯ ಮಾತ್ರ ಇಡೀ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡಿದ್ದ.

ಹದಿನೆಂಟು ದಿನ ಕಳೆದು, ಕೋಣೆಗಳ ತುಂಬ ಮರಿಹುಳುಗಳಿದ್ದ ಒಂದು ಬೆಳಿಗ್ಗೆ ಬೋರಮ್ಮನವರ ಫೋನು ಬಂತು. "ಎಲ್ಲಾ ನಿಂತೋಗೈತೆ, ಬೇಗ ಬಾರಪ್ಪ." ಯೋಗಾನಂದ ಹೊಸ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಚನ್ನಪಟ್ಟಣ ದಾಟುವವರೆಗೂ ಒಂದೇ ಯೋಚನೆ: ಸಹಿ ಹಾಕಿಸಿಕೊಂಡ ದಿನ ಪೆಟ್ಟಿಗೆ ಮುಟ್ಟಿದಾಗ ತನ್ನ ಕೈಗೆ ತಿಳಿಯದೆ ಹೋದದ್ದೇನು? ಹೋಗಿ ನೋಡಿದರೆ ಹೆಂಗಸರು ಕೋಣೆಯ ತೇವ ಆರದಂತೆ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಾರೆ. ಬೋರಮ್ಮ ಹಳೆಯ ಕಾಲದ ಥರ್ಮಾಮೀಟರು ಹಿಡಿದು ಕೋಣೆಯಿಂದ ಕೋಣೆಗೆ ಓಡುತ್ತಿದ್ದಾರೆ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಫ್ಯಾನು ಬೆಳ್ಳಗೆ ಮೆತ್ತಿಕೊಂಡಿತ್ತು. ಒಳಗೆಲ್ಲ ಬಿಳಿಯ ಹುಡಿ ತೇವಕ್ಕೆ ಕರಗಿ ಗಟ್ಟಿಯಾಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದ. ಸುಣ್ಣ. ಬೆನ್ನ ಹಿಂದೆ ನಿಂತಿದ್ದ ಅಂಕಯ್ಯ ತಗ್ಗಿದ ದನಿಯಲ್ಲಿ ಹೇಳಿದ: "ನೀವೇ ಯೋಳಿದ್ರಲ್ಲ ಸ್ವಾಮಿ, ಹುಳದ್ ಮನೆ ಇದ್ದಂಗೆ ಅಂತ. ನೆಲ ತೊಳ್ದು, ಸುತ್ತಾನೂವೆ ಮ್ಯಾಲೂವೆ ಚೆಂದಾಗ್ ಉದುರಿಸ್ಬುಟ್ಟೆ."

ಯೋಗಾನಂದ ಹಳೆಯದನ್ನು ಕಳಚಿ ಪಕ್ಕಕ್ಕಿಟ್ಟ. ತಾನು ತಂದಿದ್ದ ಹೊಸ ಪೆಟ್ಟಿಗೆ ಜೋಡಿಸಿದ. ಒಂದು ಗಂಟೆಯೊಳಗೆ ಬೋರಮ್ಮನ ಫೋನಿನಲ್ಲಿ ಶಾಖದ ಅಂಕಿಗಳು ಮೂಡಿದವು. ಹುಳುಗಳಿಗೆ ಏನೂ ಆಗಿರಲಿಲ್ಲ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದರು.

"ಆ ಇನ್ನೊಂದ್ ಕಾಗ್ದ ಕೊಡು, ಸೈನ್ ಹಾಕ್ತೀನಿ. ಅವತ್ತೇ ನಿನ್ ಮಾತ್ ಕೇಳ್ಬೇಕಿತ್ತು. ಏನಾಗಿತ್ತು ಪೆಟ್ಟಿಗೆಗೆ?"

ಹಳೆಯದಾಗಿತ್ತು, ಬಿಸಿ ತಡೆಯಲಿಲ್ಲ ಎಂದಿದ್ದರೆ ಸಾಕಿತ್ತು. ಬಹುಕಾಲ ಕಾದ ಸಹಿ ಕೈಗೆ ಬರುತ್ತಿತ್ತು, ಅಂಕಯ್ಯನ ಮಾನವೂ ಉಳಿಯುತ್ತಿತ್ತು. ಕಾಗದ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟದ್ದೂ ಆಗಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಒರಗಿಸಿಟ್ಟಿದ್ದ, ಇನ್ನೂ ಅರ್ಧ ತುಂಬಿದ್ದ ಸುಣ್ಣದ ಚೀಲ ಅವನ ಕಣ್ಣಿಗೆ ಬಿತ್ತು.

"ಅದು ತಾನಾಗ್ ಕೆಟ್ಟಿಲ್ಲ ಅಕ್ಕ. ಸುಣ್ಣ ನುಂಗೈತೆ. ಅಂಕಯ್ಯನ್ನ ಬಯ್ಬೇಡಿ, ಹಾಕ್ಸಿದ್ದು ನನ್ ಮಾತು."

ಬೋರಮ್ಮ ಅಂಕಯ್ಯನನ್ನು ಒಮ್ಮೆ ನೋಡಿ, "ಹೋಗು, ಸೊಪ್ಪಾಕು ಹೋಗು," ಎಂದರು. ಆಮೇಲೆ ಕಾಗದ ಮಡಿಸಿ, ಪೆನ್ನಿನೊಂದಿಗೆ ಮರಳಿಸಿದರು. "ಹಂಗಾರೆ ಪೆಟ್ಟಿಗೇದೇನೂ ತೆಪ್ಪಿಲ್ಲ. ಸುಣ್ಣ ಹಾಕ್ದೆ ಇದ್ರೆ ಆಯ್ತಲ್ಲಪ್ಪ. ಹಳೇ ಕರಾರೇ ಇರ್ಲಿ."

ಇದನ್ನು ಕೇಳಿ ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಗುಟ್ಟಾಗಿ ಅಂಕಯ್ಯನಿಗೊಂದು ಮಾತು ಹೇಳಿ ಬಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಬಯ್ದೆ. ಅವನು ಅಂಗಡಿಯ ಬಾಗಿಲಲ್ಲಿ ನಿಂತೇ ಉತ್ತರಿಸಿದ: "ಅಂಕಯ್ಯ ಇಲ್ದಿದ್ ದಿನ ಇನ್ನೊಬ್ರು ಹಾಕ್ಬುಟ್ಟಿದ್ರೆ ಸಾರ್?" ನನ್ನ ಸಿಟ್ಟು ಅಲ್ಲಿಗೇ ನಾಚಿಕೆಯಾಯಿತು.

ಹೇಳಿದ ಮಾತಿಗೆ ತಪ್ಪದೆ ಅವನು ನಿಗಾ ಕರಾರಿನ ಹಾಳೆಗಳನ್ನೆಲ್ಲ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದ್ದಾನೆ. ಅಂಗಡಿಯ ಬೋರ್ಡಿನಲ್ಲಿ ಈಗ ರಿಪೇರಿ ಎಂದಷ್ಟೇ ಇದೆ. ಸುತ್ತಾಟ ಮಾತ್ರ ಒಂದು ದಿನಕ್ಕೂ ನಿಂತಿಲ್ಲ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅತಿ ಮಾಡುತ್ತಾರೆ ಎಂದು ನಾವು ನಗುತ್ತೇವೆ. ನಮ್ಮ ಬದುಕಿನ ಎಷ್ಟೋ ದಿನಗಳು ಏನೂ ಆಗದೆ ಕಳೆದುಹೋಗುತ್ತವೆ. ಅವುಗಳಲ್ಲಿ ಕೆಲವು ತಾವಾಗಿಯೇ ಹಾಗೆ ಕಳೆದವು, ಕೆಲವನ್ನು ಇಂಥ ಯಾರೋ ಕರೆಯದೆ ಬಂದು ಕಾಯ್ದುಕೊಟ್ಟು ಹೋದರು. ಯಾವುದು ಯಾವ ದಿನವೆಂದು ನಮಗೆ ತಿಳಿಯದು, ನಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ. ಅವರಿಗೂ ತಿಳಿಯದು, ಅದಕ್ಕೇ ಅವರಿಗೆ ಕೂರಲಾಗುವುದಿಲ್ಲ.